ಈ ಇಂಗ್ಲಿಷ್ ಪದಜೋಡಿ ಸರಿಯೇ? ಬರೆಯುವ ಮುನ್ನ ಪರೀಕ್ಷಿಸುವ ಬಗೆ

ಕೊಡಗಿನಲ್ಲಿ ಇಂಗ್ಲಿಷ್ ಬರೆಯಬೇಕಾದವರು ಈಗ ತುಂಬಾ ಜನ. ಹೋಂಸ್ಟೇ ನಡೆಸುವವರು ಬುಕಿಂಗ್ ಆ್ಯಪ್‌ಗೆ ಮನೆಯ ಬಗ್ಗೆ ಎರಡು ಪ್ಯಾರಾ ಬರೆಯಬೇಕು. ತೋಟದವರು ಹೊರದೇಶದ ಖರೀದಿದಾರರಿಗೆ ಮೇಲ್ ಹಾಕಬೇಕು. ಪೊನ್ನಂಪೇಟೆ ಅರಣ್ಯ ಕಾಲೇಜಿನ ಮಕ್ಕಳಿಗೆ ಪ್ರಾಜೆಕ್ಟ್ ರಿಪೋರ್ಟ್, ಬೆಂಗಳೂರಿಗೆ ಕೆಲಸಕ್ಕೆ ಹೊರಟವರಿಗೆ ರೆಸ್ಯೂಮೆ. ಹಲವರ ವ್ಯಾಕರಣ ಚೆನ್ನಾಗಿಯೇ ಇರುತ್ತದೆ, ಸ್ಪೆಲಿಂಗ್ ಅಂತೂ ಫೋನೇ ನೋಡಿಕೊಳ್ಳುತ್ತದೆ. ಆದರೂ ಒಂದು ಕಡೆ ಎಲ್ಲರೂ ತಡೆಯುತ್ತಾರೆ. ಈ ಎರಡು ಪದ ಒಟ್ಟಿಗೆ ಬರಬಹುದಾ?

"ಸ್ಟ್ರಾಂಗ್ ಕಾಫಿ" ಸರಿ, ಹಾಗಾದರೆ "ಸ್ಟ್ರಾಂಗ್ ರೇನ್" ಯಾಕಾಗಬಾರದು? ವ್ಯಾಕರಣದ ಪುಸ್ತಕದಲ್ಲಿ ಇದಕ್ಕೆ ಉತ್ತರ ಇಲ್ಲ. ವಿಶೇಷಣದ ಮುಂದೆ ನಾಮಪದ ಬಂದಿದೆ, ನಿಯಮ ಎಲ್ಲೂ ಮುರಿದಿಲ್ಲ. ಆದರೆ ಇಂಗ್ಲಿಷ್ ಮನೆಮಾತಿನವರು ಹಾಗೆ ಬರೆಯೋದಿಲ್ಲ, "ಹೆವಿ ರೇನ್" ಅಂತ ಬರೆಯುತ್ತಾರೆ. ಯಾವ ಪದ ಯಾವ ಪದದ ಜೊತೆ ಓಡಾಡುತ್ತದೆ ಅನ್ನೋದು ರೂಢಿಯ ವಿಷಯ. ಇಂಗ್ಲಿಷ್‌ನಲ್ಲಿ ಇದಕ್ಕೆ ಕೊಲೊಕೇಶನ್ ಅನ್ನುತ್ತಾರೆ.

ಬಹಳ ಜನ ಮಾಡೋದು ಏನೆಂದರೆ, ಅನುಮಾನ ಬಂದ ಜೋಡಿಯನ್ನು ಗೂಗಲ್‌ಗೆ ಹಾಕಿ, ಲಕ್ಷಗಟ್ಟಲೆ ರಿಸಲ್ಟ್ ಬಂತು ಅಂತ ಖುಷಿಪಟ್ಟು ಮುಂದೆ ಹೋಗೋದು. ಅದು ಪರೀಕ್ಷೆಯೇ ಅಲ್ಲ. ಎಷ್ಟು ಸಲ ಬಂದಿದೆ ಅನ್ನೋದಕ್ಕಿಂತ ಯಾರು ಬರೆದಿದ್ದಾರೆ, ಎಂಥ ಬರಹದಲ್ಲಿ, ಯಾವ ದೇಶದಲ್ಲಿ ಅನ್ನೋದು ಮುಖ್ಯ. ಮತ್ತು ನೀವು ಯಾರಿಗೆ ಬರೆಯುತ್ತಿದ್ದೀರಿ ಅನ್ನೋದು. ಕೆಳಗೆ ಹೇಳುವ ಪ್ರತಿ ಹಂತವೂ ಈ ಪ್ರಶ್ನೆಗಳ ಸುತ್ತಲೇ ಇದೆ.

ಮೊದಲ ಹಂತ: ಅನುಮಾನ ಪಡಬೇಕಾದ ಜಾಗ ಗುರುತಿಸಿ

ಬರೆದ ಪ್ರತಿ ಪದಜೋಡಿಯನ್ನೂ ಹುಡುಕುತ್ತಾ ಕೂತರೆ ಒಂದು ಮೇಲ್‌ಗೆ ಒಂದು ದಿನ ಹಿಡಿಯುತ್ತದೆ. ಅಷ್ಟೆಲ್ಲ ಬೇಡ. ಕನ್ನಡದವರು ಎಡವುವ ಜಾಗ ಹೆಚ್ಚುಕಡಿಮೆ ಗೊತ್ತಿರುವವೇ.

ಕನ್ನಡದಲ್ಲಿ ಒಂದೇ ಪದ ಹತ್ತು ಕಡೆ ಕೆಲಸ ಮಾಡುವ ಜಾಗದಲ್ಲಿ ಮೊದಲು ನಿಲ್ಲಿ. ನಮಗೆ ಮಳೆ ಜೋರು, ಗಾಳಿ ಜೋರು, ಜ್ವರ ಜೋರು, ಸದ್ದೂ ಜೋರು. ಇಂಗ್ಲಿಷ್‌ನಲ್ಲಿ ಮಳೆ ಹೆವಿ, ಗಾಳಿ ಸ್ಟ್ರಾಂಗ್, ಜ್ವರ ಹೈ, ಸದ್ದು ಲೌಡ್. ಹಾಗೆಯೇ "ಮಾಡು". ತಪ್ಪು ಮಾಡುತ್ತೇವೆ, ಸ್ನಾನ ಮಾಡುತ್ತೇವೆ, ಫೋನ್ ಮಾಡುತ್ತೇವೆ, ಊಟ ಮಾಡುತ್ತೇವೆ. ಅದೇ ಗುಂಗಿನಲ್ಲಿ "ಡು ಎ ಮಿಸ್ಟೇಕ್" ಅಂತ ಬರೆದುಬಿಡುತ್ತೇವೆ, ಅಲ್ಲಿ ಬರಬೇಕಾದ್ದು "ಮೇಕ್". ಇನ್ನೊಂದು "ಮೇಲೆ". ನನ್ನ ಮೇಲೆ ಕೋಪ ಅನ್ನೋದು "ಆ್ಯಂಗ್ರಿ ಆನ್ ಮಿ" ಆಗಿ ಇಳಿಯುತ್ತದೆ. ಅವರು ಬರೆಯೋದು "ಆ್ಯಂಗ್ರಿ ವಿತ್ ಮಿ".

ಎರಡನೆಯದು, ಕ್ರಿಯಾಪದದ ಹಿಂದೆ ಅಂಟಿಕೊಳ್ಳುವ ಸಣ್ಣ ಪದಗಳು. "ಡಿಸ್ಕಸ್ ಅಬೌಟ್", "ಕೋಪ್ ಅಪ್ ವಿತ್", "ರಿಟರ್ನ್ ಬ್ಯಾಕ್" ಇಂಥವು. ಮೂರನೆಯದು, ಬಹುವಚನ ಆಗದ ಪದಗಳಿಗೆ ಎಸ್ ಸೇರಿಸೋದು: "ಫರ್ನಿಚರ್ಸ್", "ಇಕ್ವಿಪ್‌ಮೆಂಟ್ಸ್", "ಅಡ್ವೈಸಸ್". ಇವು ಬೇಗ ತಿದ್ದಬಹುದಾದವು, ಯಾವ ಒಳ್ಳೆಯ ಡಿಕ್ಷನರಿ ತೆಗೆದರೂ ಸಿಗುತ್ತದೆ.

ನಾಲ್ಕನೆಯದು ನಿಜವಾಗಿ ಕಷ್ಟದ್ದು. ನೀವೇ ಹೊಸದಾಗಿ ಕಟ್ಟಿದ ಜೋಡಿ, ಅಥವಾ ಎಲ್ಲೋ ಓದಿದ, ನೆನಪಲ್ಲಿ ಅರ್ಧ ಉಳಿದ ಜೋಡಿ. ಈ ಲೇಖನದ ಬಹುಭಾಗ ಅದಕ್ಕೇ.

ಎರಡನೇ ಹಂತ: ಜೋಡಿಯನ್ನು ಚಿಕ್ಕದು ಮಾಡಿ

ಇಡೀ ವಾಕ್ಯ ಹುಡುಕಿದರೆ ಏನೂ ಸಿಗೋದಿಲ್ಲ. ಯಾಕೆಂದರೆ ನಿಮ್ಮ ವಾಕ್ಯ ನಿಮ್ಮದೇ, ಬೇರೆ ಯಾರೂ ಅದನ್ನು ಬರೆದಿರೋದಿಲ್ಲ. ಅನುಮಾನ ಇರುವ ಎರಡು ಅಥವಾ ಮೂರು ಪದ ಮಾತ್ರ ಕತ್ತರಿಸಿ ತೆಗೆಯಿರಿ. "ನಮ್ಮ ಎಸ್ಟೇಟಿನಲ್ಲಿ ಜುಲೈ ತಿಂಗಳು ಸ್ಟ್ರಾಂಗ್ ರೇನ್ ಇರುತ್ತದೆ" ಅನ್ನೋ ಅರ್ಥದ ಇಂಗ್ಲಿಷ್ ವಾಕ್ಯದಲ್ಲಿ ಪರೀಕ್ಷೆ ಬೇಕಾದ್ದು "ಸ್ಟ್ರಾಂಗ್ ರೇನ್" ಮಾತ್ರ.

ಕತ್ತರಿಸುವಾಗ ಒಂದು ಎಚ್ಚರ. ತೀರಾ ಚಿಕ್ಕದು ಮಾಡಿದರೆ ಬೇರೆ ಅರ್ಥದ ಸಾಲುಗಳೂ ಬಂದು ಸೇರಿಕೊಳ್ಳುತ್ತವೆ. "ಡು ಮಿಸ್ಟೇಕ್ಸ್" ಅಂತ ಹುಡುಕಿ ನೋಡಿ, ಸಾಕಷ್ಟು ಸಿಗುತ್ತದೆ. ಅಯ್ಯೋ, ಇದು ಸರಿಯೇ ಇರಬೇಕು ಅನ್ನಿಸುತ್ತದೆ. ಸಾಲು ಓದಿದರೆ ಗೊತ್ತಾಗುತ್ತದೆ, ಅಲ್ಲಿ "ವೈ ಡು ಮಿಸ್ಟೇಕ್ಸ್ ಹ್ಯಾಪನ್" ಥರದ ಪ್ರಶ್ನೆಗಳಿರುತ್ತವೆ. ಆ "ಡು" ಪ್ರಶ್ನೆ ಕೇಳೋದಕ್ಕೆ ಬಂದದ್ದು, ತಪ್ಪು ಮಾಡೋದಕ್ಕೆ ಅಲ್ಲ. ಅದಕ್ಕೇ "ಡಿಡ್ ಎ ಮಿಸ್ಟೇಕ್" ಅಂತ ಭೂತಕಾಲದಲ್ಲಿ, ನಡುವೆ "ಎ" ಸೇರಿಸಿ ಹುಡುಕಬೇಕು. ಆಗ ಪ್ರಶ್ನೆಯ ಸಾಲುಗಳು ಉದುರಿಹೋಗುತ್ತವೆ.

ಮೂರನೇ ಹಂತ: ಡಿಕ್ಷನರಿಯಲ್ಲಿ ನಾಮಪದದ ಕಡೆಯಿಂದ ಹೋಗಿ

ಗೂಗಲ್‌ಗೆ ಮೊದಲು ಡಿಕ್ಷನರಿ. ಸಾಮಾನ್ಯ ಡಿಕ್ಷನರಿ ಅಲ್ಲ, ಇಂಗ್ಲಿಷ್ ಕಲಿಯುವವರಿಗಾಗಿಯೇ ಮಾಡಿದ್ದು. ಆಕ್ಸ್‌ಫರ್ಡ್ ಲರ್ನರ್ಸ್, ಲಾಂಗ್‌ಮನ್, ಕೇಂಬ್ರಿಡ್ಜ್ ಮೂರೂ ನೆಟ್‌ನಲ್ಲಿ ಉಚಿತ. ಇವುಗಳಲ್ಲಿ ಅರ್ಥದ ಜೊತೆ ಉದಾಹರಣೆ ವಾಕ್ಯ ಇರುತ್ತದೆ, ಯಾವ ಪದ ಯಾವುದರ ಜೊತೆ ಬರುತ್ತದೆ ಅನ್ನೋದನ್ನು ಹಲವು ಕಡೆ ದಪ್ಪಕ್ಷರದಲ್ಲೋ ಬಾಕ್ಸ್‌ನಲ್ಲೋ ಕೊಟ್ಟಿರುತ್ತಾರೆ. ಕೊಲೊಕೇಶನ್‌ಗೇ ಮೀಸಲಾದ ಡಿಕ್ಷನರಿಗಳೂ ಇವೆ. ಆಕ್ಸ್‌ಫರ್ಡ್‌ನವರ ಕೊಲೊಕೇಶನ್ಸ್ ಡಿಕ್ಷನರಿ ಮೊದಲು ಬಂದದ್ದು 2002ರಲ್ಲಿ.

ಇಲ್ಲಿ ಬಹಳ ಜನರಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಹುಡುಕಬೇಕಾದ್ದು ವಿಶೇಷಣವನ್ನಲ್ಲ, ಕ್ರಿಯಾಪದವನ್ನೂ ಅಲ್ಲ, ನಾಮಪದವನ್ನು. "ಸ್ಟ್ರಾಂಗ್" ತೆಗೆದರೆ ಪುಟಗಟ್ಟಲೆ ಅರ್ಥ ಬರುತ್ತದೆ, ಮಳೆಯ ವಿಷಯ ಸಿಗೋದಿಲ್ಲ. "ರೇನ್" ತೆಗೆಯಿರಿ. ಹೆವಿ, ಟೊರೆನ್ಶಿಯಲ್, ಲೈಟ್ ಅಂತ ಪಟ್ಟಿಯೇ ಮುಂದೆ ಇರುತ್ತದೆ. "ಡಿಸಿಶನ್" ತೆಗೆದರೆ ಮೇಕ್, ಟೇಕ್, ರೀಚ್, ಕಮ್ ಟು ನಾಲ್ಕೂ ಕಾಣುತ್ತವೆ. ವಾಕ್ಯದಲ್ಲಿ ಯಜಮಾನ ನಾಮಪದವೇ, ಉಳಿದವರನ್ನು ಆರಿಸೋದು ಅದು.

ಜೂನ್-ಜುಲೈನಲ್ಲಿ ಕರೆಂಟು, ನೆಟ್ ಎರಡೂ ದಿನಗಟ್ಟಲೆ ಕೈಕೊಡುವ ಊರು ನಮ್ಮದು. ಹಾಗಾಗಿ ಒಂದು ಅಚ್ಚಿನ ಲರ್ನರ್ಸ್ ಡಿಕ್ಷನರಿ ಮನೆಯಲ್ಲಿ ಇದ್ದರೆ ಒಳ್ಳೆಯದು ಅಂತಲೇ ನಾನು ಹೇಳೋದು. ಹಳೆಯ ಪ್ರತಿಯಾದರೂ ಪರವಾಗಿಲ್ಲ. ಮಳೆ ಹೆವಿ ಅನ್ನೋದು ಅಷ್ಟು ಬೇಗ ಬದಲಾಗೋದಿಲ್ಲ.

ಡಿಕ್ಷನರಿಯಲ್ಲಿ ಜೋಡಿ ಸಿಕ್ಕಿದರೆ ಕೆಲಸ ಮುಗಿಯಿತು. ಸಿಗದಿದ್ದರೆ ತಪ್ಪು ಅಂತ ತೀರ್ಮಾನಿಸಬೇಡಿ. ಡಿಕ್ಷನರಿಗೆ ಜಾಗ ಕಡಿಮೆ, ಹೆಚ್ಚು ಬಳಕೆಯವನ್ನು ಮಾತ್ರ ಹಾಕಿರುತ್ತಾರೆ.

ನಾಲ್ಕನೇ ಹಂತ: ಗೂಗಲ್, ಆದರೆ ಲೆಕ್ಕ ನೋಡೋದಕ್ಕಲ್ಲ

ಜೋಡಿಯನ್ನು ಇಂಗ್ಲಿಷ್ ಅಕ್ಷರದಲ್ಲಿ ಡಬಲ್ ಕೋಟ್ ಒಳಗೆ ಹಾಕಿ ಹುಡುಕಿ. ಕೋಟ್ ಇಲ್ಲದಿದ್ದರೆ ಗೂಗಲ್ ಎರಡು ಪದಗಳನ್ನು ಬೇರೆಬೇರೆ ಕಡೆ ಹುಡುಕಿ ಕೊಡುತ್ತದೆ. ಕೋಟ್ ಹಾಕಿದರೂ ಒಂದೊಂದು ಸಲ ಆ ಜೋಡಿ ಸಿಗದಾಗ, ಸಿಗಲಿಲ್ಲ ಅಂತ ಮೇಲೆ ಸಣ್ಣದಾಗಿ ಬರೆದು, ಕೆಳಗೆ ಕೋಟ್ ತೆಗೆದ ರಿಸಲ್ಟ್ ತೋರಿಸುತ್ತದೆ. ಆ ಸಣ್ಣ ಸಾಲು ಕಣ್ತಪ್ಪಬಾರದು.

ರಿಸಲ್ಟ್ ಸಂಖ್ಯೆಯನ್ನು ನಂಬಬೇಡಿ. ಅದು ಗೂಗಲ್‌ನ ಅಂದಾಜು ಮಾತ್ರ. ಕೊನೆಯ ಪುಟದವರೆಗೆ ಹೋದರೆ ಲಕ್ಷ ಅಂದದ್ದು ಕೆಲವೇ ನೂರಕ್ಕೆ ಇಳಿಯೋದೂ ಉಂಟು. ಅದರ ಬದಲು ಸುಮ್ನೆ ಒಂದೆರಡು ಪುಟ ರಿಸಲ್ಟ್ ತೆರೆದು ಸಾಲು ಓದಿ. ಬರೆದವರು ಯಾರು? ಪತ್ರಿಕೆಯೋ, ಯೂನಿವರ್ಸಿಟಿಯೋ, ಯಾವುದೋ ಸಾಮಾನು ಮಾರುವ ಪುಟವೋ? ಎರಡು ಪದಗಳ ನಡುವೆ ಫುಲ್‌ಸ್ಟಾಪ್ ಇದೆಯಾ? ಯಾಕೆಂದರೆ ಗೂಗಲ್ ಸಾಮಾನ್ಯವಾಗಿ ಚಿಹ್ನೆಗಳನ್ನು ಲೆಕ್ಕಕ್ಕೆ ಹಿಡಿಯೋದಿಲ್ಲ, ಒಂದು ವಾಕ್ಯದ ಕೊನೆಯ ಪದ, ಮುಂದಿನ ವಾಕ್ಯದ ಮೊದಲ ಪದ ಸೇರಿ ಜೋಡಿಯಾಗಿ ಕಾಣಿಸಬಹುದು. ಅದು ಒಂದು ಅಂಗಡಿಯ ಹೆಸರೋ, ಹಾಡಿನ ಹೆಸರೋ ಆಗಿರಬಹುದು. ಇನ್ನೊಂದು ಮೋಸ ಇದೆ: "ಆ್ಯಂಗ್ರಿ ಆನ್ ಮಿ" ಹುಡುಕಿದರೆ ಬರುವ ರಿಸಲ್ಟ್‌ಗಳಲ್ಲಿ "ಇದು ಸರಿಯೇ?" ಅಂತ ಕಲಿಯುವವರು ಕೇಳಿರುವ ಪುಟಗಳೂ ಇರುತ್ತವೆ. ಆ ಪುಟಗಳು ಎಷ್ಟೇ ಇರಲಿ, ಸರಿ ಅನ್ನೋದಕ್ಕೆ ಸಾಕ್ಷಿ ಆಗೋದಿಲ್ಲ, ಜನರಿಗೆ ಅನುಮಾನ ಇದೆ ಅನ್ನೋದಕ್ಕೆ ಸಾಕ್ಷಿ.

ಹುಡುಕಾಟವನ್ನು ನಂಬಿಕೆಯ ಜಾಗಕ್ಕೆ ಕಟ್ಟಿಹಾಕಬಹುದು. ಕೋಟ್ ಒಳಗಿನ ಜೋಡಿಯ ಮುಂದೆ ಒಂದು ಜಾಗ ಬಿಟ್ಟು, ಇಂಗ್ಲಿಷ್‌ನಲ್ಲಿ ಸೈಟ್ ಅಂತ ಟೈಪ್ ಮಾಡಿ, ಕೋಲನ್ ಹಾಕಿ, ಜಾಗ ಬಿಡದೆ ವಿಳಾಸ ಕೊಡಿ. ಬಿಬಿಸಿಯ ವಿಳಾಸ ಕೊಟ್ಟರೆ ಬಿಬಿಸಿಯ ಪುಟಗಳಲ್ಲಿ ಮಾತ್ರ ಹುಡುಕುತ್ತದೆ. ಡಾಟ್ ಎಸಿ ಡಾಟ್ ಯುಕೆ ಅಂತ ಕೊಟ್ಟರೆ ಬ್ರಿಟನ್ನಿನ ಯೂನಿವರ್ಸಿಟಿಗಳಲ್ಲಿ ಮಾತ್ರ. ಪ್ರಾಜೆಕ್ಟ್ ರಿಪೋರ್ಟ್ ಬರೆಯುವವರಿಗೆ ಈ ಎರಡನೆಯದು ಬಹಳ ಉಪಯೋಗ.

ಒಂದು ಪದ ಗೊತ್ತಿದ್ದು ಇನ್ನೊಂದು ಹೊಳೆಯದಿದ್ದರೆ ಆ ಜಾಗದಲ್ಲಿ ನಕ್ಷತ್ರ ಚಿಹ್ನೆ ಹಾಕಿ. ಗೂಗಲ್ ಅಲ್ಲಿ ಏನೇನು ಬರಬಹುದೋ ತುಂಬಿಸಿ ತೋರಿಸುತ್ತದೆ.

ಐದನೇ ಹಂತ: ಎನ್‌ಗ್ರಾಮ್ ಮತ್ತು ಕಾರ್ಪಸ್

ಎರಡು ಜೋಡಿಗಳಲ್ಲಿ ಯಾವುದು ಹೆಚ್ಚು ಬಳಕೆ ಅನ್ನೋದು ಬೇಕಿದ್ದರೆ ಗೂಗಲ್ ಬುಕ್ಸ್ ಎನ್‌ಗ್ರಾಮ್ ವ್ಯೂವರ್ ಇದೆ. 2010ರಿಂದ ಇರುವ ಉಚಿತ ಸಾಧನ. ಅಚ್ಚಾದ ಪುಸ್ತಕಗಳಲ್ಲಿ ಯಾವ ವರ್ಷ ಎಷ್ಟು ಬಳಕೆ ಇತ್ತು ಅನ್ನೋದನ್ನು ಗೆರೆ ಎಳೆದು ತೋರಿಸುತ್ತದೆ. ಎರಡು ಜೋಡಿಗಳನ್ನು ಕಾಮಾ ಹಾಕಿ ಕೊಟ್ಟರೆ ಎರಡು ಗೆರೆ.

ನಮ್ಮ ದೇವರಕಾಡಿನ ಬಗ್ಗೆ ಬರೆಯುತ್ತಿದ್ದೀರಿ ಅಂದುಕೊಳ್ಳಿ. "ಗಾಡ್ಸ್ ಫಾರೆಸ್ಟ್" ಅಂತಲೋ "ಹೋಲಿ ಫಾರೆಸ್ಟ್" ಅಂತಲೋ ಮೊದಲು ಕೈಗೆ ಬರುತ್ತದೆ. ಎರಡೂ ಅರ್ಥ ಆಗುತ್ತವೆ. ಆದರೆ ಪರಿಸರದ ಬಗ್ಗೆ ಬರೆಯುವವರು ಲೋಕದ ಎಲ್ಲಾ ಕಡೆ ಬಳಸುವ ಮಾತು "ಸೇಕ್ರೆಡ್ ಗ್ರೋವ್". "ಸೇಕ್ರೆಡ್ ಗ್ರೋವ್, ಹೋಲಿ ಗ್ರೋವ್" ಅಂತ ಎನ್‌ಗ್ರಾಮ್‌ಗೆ ಕೊಟ್ಟು ನೋಡಿ, ಯಾವ ಗೆರೆ ಮೇಲಿದೆ ಅಂತ ಒಂದೇ ನೋಟಕ್ಕೆ ತಿಳಿಯುತ್ತದೆ. ನೀವು ಬೇರೆ ಮಾತು ಬಳಸಿದರೆ ತಪ್ಪೇನೂ ಆಗೋದಿಲ್ಲ, ಆದರೆ ಈ ವಿಷಯ ಹುಡುಕುವವರಿಗೆ ನಿಮ್ಮ ಬರಹ ಸಿಗೋದೇ ಇಲ್ಲ. ಅದು ದೊಡ್ಡ ನಷ್ಟ. "ದೇವರಕಾಡು" ಅನ್ನೋ ನಮ್ಮ ಹೆಸರನ್ನು ಹಾಗೆಯೇ ಇಟ್ಟು, ಮೊದಲ ಸಲ ಬಂದಾಗ "ಸೇಕ್ರೆಡ್ ಗ್ರೋವ್" ಅಂತ ಜೊತೆಗೆ ಹೇಳೋದು ನನಗೆ ಇಷ್ಟವಾದ ದಾರಿ.

ಎನ್‌ಗ್ರಾಮ್ ಬಳಸುವಾಗ ಮೂರು ಸಂಗತಿ ನೆನಪಿರಲಿ. ಐದು ಪದಕ್ಕಿಂತ ಉದ್ದದ್ದನ್ನು ಅದು ತೆಗೆದುಕೊಳ್ಳೋದಿಲ್ಲ. ದೊಡ್ಡಕ್ಷರ, ಸಣ್ಣಕ್ಷರದ ವ್ಯತ್ಯಾಸ ನೋಡುತ್ತದೆ, ಬೇಡವಾದರೆ ಅದನ್ನು ಆಫ್ ಮಾಡಬೇಕು. ಕನಿಷ್ಠ 40 ಪುಸ್ತಕಗಳಲ್ಲಿ ಬಂದಿರದ ಜೋಡಿಯನ್ನು ತೋರಿಸೋದೇ ಇಲ್ಲ. ಗೆರೆ ಇಲ್ಲ ಅಂದರೆ ಅಪರೂಪ ಅಂತ ಅರ್ಥ, ತಪ್ಪು ಅಂತ ಅಲ್ಲ. ವರ್ಷವನ್ನೂ ನೋಡಿ. ಕೊಡಗಿನ ಬಗ್ಗೆ ಬ್ರಿಟಿಷರ ಕಾಲದಲ್ಲಿ ಬರೆದ ಪುಸ್ತಕ ಓದಿ ಅದೇ ಭಾಷೆ ಎತ್ತಿಕೊಳ್ಳುವವರಿದ್ದಾರೆ. 1870ರ ಹೊತ್ತಿಗೆ ಮೇಲಿದ್ದು ಈಗ ನೆಲಕ್ಕೆ ಬಂದಿರುವ ಗೆರೆ ಕಂಡರೆ, ಮಡಿಕೇರಿಯನ್ನು ಮರ್ಕೆರಾ ಅಂತ ಬರೆದಷ್ಟು ಹಳೆಯದು ಅಂತ ತಿಳಿಯಿರಿ.

ಕಾರ್ಪಸ್ ಅಂದರೆ ಭಾಷೆ ಅಧ್ಯಯನಕ್ಕೆಂದೇ ಕೂಡಿಟ್ಟ ಬರಹಗಳ ದೊಡ್ಡ ರಾಶಿ. ಅಮೆರಿಕನ್ ಇಂಗ್ಲಿಷ್‌ಗೆ ಕೋಕಾ (COCA) ಅನ್ನುವ ಕಾರ್ಪಸ್ ಇದೆ, 1990ರಿಂದ 2019ರವರೆಗಿನ 100 ಕೋಟಿಗೂ ಜಾಸ್ತಿ ಪದ. ಬ್ರಿಟಿಷ್ ಇಂಗ್ಲಿಷ್‌ಗೆ ಬ್ರಿಟಿಷ್ ನ್ಯಾಷನಲ್ ಕಾರ್ಪಸ್, 10 ಕೋಟಿ ಪದ. ಕೋಕಾದ ಒಳ್ಳೆಯ ಗುಣ ಏನೆಂದರೆ ಮಾತು, ಕತೆ, ಮ್ಯಾಗಜೀನ್, ಪತ್ರಿಕೆ, ಸಂಶೋಧನೆ ಅಂತ ಬೇರೆಬೇರೆ ಮಾಡಿ ಲೆಕ್ಕ ಕೊಡುತ್ತದೆ. ಒಂದು ಜೋಡಿ ಮಾತಿನಲ್ಲಿ ಧಾರಾಳ ಇದ್ದು ಸಂಶೋಧನೆಯಲ್ಲಿ ಇಲ್ಲವೇ ಇಲ್ಲ ಅಂದರೆ, ಪ್ರಾಜೆಕ್ಟ್ ರಿಪೋರ್ಟಿಗೆ ಅದು ಬೇಡ. ಉಚಿತವಾಗಿ ಹೆಸರು ನೋಂದಾಯಿಸಿಕೊಂಡು ಬಳಸಬಹುದು, ದಿನಕ್ಕೆ ಇಂತಿಷ್ಟು ಹುಡುಕಾಟ ಅಂತ ಮಿತಿ ಇರುತ್ತದೆ.

ಇಷ್ಟೆಲ್ಲ ಬೇಡ, ನೆಟ್ ನಿಧಾನ ಅನ್ನುವವರಿಗೆ ಸ್ಕೆಲ್ (SkELL) ಅನ್ನುವ ಪುಟ ಸಾಕು. ನೋಂದಣಿ ಬೇಕಿಲ್ಲ. ಪದ ಕೊಟ್ಟರೆ ಉದಾಹರಣೆ ವಾಕ್ಯ ಕೊಡುತ್ತದೆ, ವರ್ಡ್ ಸ್ಕೆಚ್ ಒತ್ತಿದರೆ ಅದರ ಜೊತೆ ಬರುವ ವಿಶೇಷಣ, ಕ್ರಿಯಾಪದ ಎಲ್ಲ ಸಾಲಾಗಿ ಬರುತ್ತದೆ. ಒಂದೇ ಸಾಧನ ಹೇಳಿ ಅಂದರೆ ನಾನು ಹೇಳೋದು ಇದನ್ನೇ.

ಆರನೇ ಹಂತ: ಯಾವ ದೇಶದ ಓದುಗರು?

ನಮ್ಮಲ್ಲಿ ಹೋಂಸ್ಟೇ ಬೋರ್ಡುಗಳ ಮೇಲೆ ಕಾಣುವ ಮಾತು "ಹೋಮ್ಲಿ ಅಟ್ಮಾಸ್ಫಿಯರ್", "ಹೋಮ್ಲಿ ಫುಡ್". ಬ್ರಿಟಿಷ್ ಇಂಗ್ಲಿಷ್‌ನಲ್ಲಿ ಹೋಮ್ಲಿ ಅಂದರೆ ಆಡಂಬರ ಇಲ್ಲದ, ಮನೆಯಂತೆ ಹಿತವಾದ ಅಂತ. ಅವರಿಗೆ ಇದು ಒಪ್ಪುತ್ತದೆ. ಅಮೆರಿಕದವರಿಗೆ ಅದೇ ಪದ ಮನುಷ್ಯರ ಬಗ್ಗೆ ಬಂದರೆ ನೋಡಲು ಚೆನ್ನಾಗಿಲ್ಲ ಅಂತ ಅರ್ಥ. ಹಿತವಾದ ಅನ್ನೋದಕ್ಕೆ ಅವರು "ಹೋಮಿ" ಅನ್ನುತ್ತಾರೆ. "ಹೋಮ್ಲಿ ಹೋಸ್ಟ್" ಅಂತ ಬರೆದುಕೊಂಡರೆ ಅಮೆರಿಕದ ಅತಿಥಿ ಏನು ಓದಿಕೊಳ್ಳುತ್ತಾರೆ ಅಂತ ಯೋಚಿಸಿ. ಬೆಂಗಳೂರು, ಚೆನ್ನೈನಿಂದ ಬರುವವರಿಗಾದರೆ "ಹೋಮ್ಲಿ ಫುಡ್" ಬದಲಾಯಿಸುವ ಅಗತ್ಯವೇ ಇಲ್ಲ, ಅವರಿಗೆ ಅದು ನೇರ ಹೊಟ್ಟೆಗೆ ಮುಟ್ಟುವ ಮಾತು. ಎಲ್ಲಾ ದೇಶದವರಿಗೂ ಒಂದೇ ಪುಟ ಅಂತಿದ್ದರೆ "ಹೋಮ್-ಕುಕ್ಡ್ ಫುಡ್" ಹಾಕಿ, ಎಲ್ಲೂ ತೊಂದರೆ ಬರೋದಿಲ್ಲ.

ಕೊಡಗಿನಲ್ಲಿ ಸೇನೆಯ ನಂಟು ಇರುವ ಮನೆಗಳು ಬೇಕಾದಷ್ಟು. "ಪಾಸಿಂಗ್ ಔಟ್ ಪರೇಡ್" ಅಂತ ಅಲ್ಲಿ ಮಕ್ಕಳಿಗೂ ಗೊತ್ತು. ಅದು ಪಕ್ಕಾ ಸರಿಯಾದ ಇಂಗ್ಲಿಷ್. ಸೇನೆಯ ತರಬೇತಿ ಮುಗಿಸೋದಕ್ಕೆ ಬ್ರಿಟಿಷರೂ ಹಾಗೆಯೇ ಹೇಳುತ್ತಾರೆ. ಆದರೆ "ಪಾಸ್ಡ್ ಔಟ್ ಫ್ರಮ್ ಡಿಗ್ರಿ ಕಾಲೇಜ್" ಅಂತ ರೆಸ್ಯೂಮೆಯಲ್ಲಿ ಬರೆದರೆ ಭಾರತದ ಕಂಪನಿಯವರಿಗೆ ಅರ್ಥ ಆಗುತ್ತದೆ, ಹೊರದೇಶದವರಿಗೆ ಪ್ರಜ್ಞೆ ತಪ್ಪಿ ಬಿದ್ದ ಹಾಗೆ ಕೇಳುತ್ತದೆ. ಅಲ್ಲಿ "ಗ್ರ್ಯಾಜುಯೇಟೆಡ್" ಸಾಕು. ಒಂದೇ ಜೋಡಿ, ಒಂದು ಕಡೆ ಗೌರವದ ಮಾತು, ಇನ್ನೊಂದು ಕಡೆ ಗೊಂದಲ.

ಪರೀಕ್ಷೆಗೂ ಹೀಗೇ. ನಾವು ಎಕ್ಸಾಮ್ "ರೈಟ್" ಮಾಡುತ್ತೇವೆ. ಬ್ರಿಟನ್ನಿನಲ್ಲಿ "ಸಿಟ್", ಅಮೆರಿಕದಲ್ಲಿ "ಟೇಕ್". ಕೆನಡಾದಲ್ಲಿ ನಮ್ಮ ಹಾಗೆ "ರೈಟ್" ಅನ್ನುವವರಿದ್ದಾರೆ. "ಟೇಕ್ ಎ ಡಿಸಿಶನ್" ಬ್ರಿಟಿಷರಲ್ಲಿ ಉಂಟು, "ಮೇಕ್" ಎಲ್ಲಾ ಕಡೆ ನಡೆಯುತ್ತದೆ.

ದೇಶವಾರು ನೋಡೋದಕ್ಕೆ ಗ್ಲೋಬ್ (GloWbE) ಅನ್ನುವ ಕಾರ್ಪಸ್ ಇದೆ. 20 ದೇಶಗಳ ವೆಬ್ ಬರಹ, ಭಾರತವೂ ಸೇರಿ, ಸುಮಾರು 190 ಕೋಟಿ ಪದ. ಕೋಕಾ ಇರುವ ಜಾಗದಲ್ಲೇ ಇದೂ ಇದೆ. ಜೋಡಿ ಹಾಕಿ ಚಾರ್ಟ್ ಒತ್ತಿದರೆ ದೇಶಕ್ಕೊಂದು ಕಂಬ ಏಳುತ್ತದೆ. "ಡು ದ ನೀಡ್‌ಫುಲ್" ಹಾಕಿ ನೋಡಿ. ಭಾರತದ ಕಂಬ ಎದ್ದು, ಬ್ರಿಟನ್, ಅಮೆರಿಕದ್ದು ಮಲಗಿದ್ದರೆ, ಅದು ಭಾರತೀಯ ಇಂಗ್ಲಿಷ್. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ತಹಶೀಲ್ದಾರರ ಕಚೇರಿಗೆ ಬರೆಯುವ ಅರ್ಜಿಯಲ್ಲಿ ಅದು ಧಾರಾಳ ಇರಲಿ. ಲಂಡನ್ನಿಗೆ ಹೋಗುವ ಮೇಲ್‌ನಲ್ಲಿ ಏನು ಮಾಡಬೇಕು ಅಂತ ಬಿಡಿಸಿ ಬರೆಯಿರಿ.

ಏಳನೇ ಹಂತ: ಕಸುಬಿನ ಮಾತನ್ನು ತಿದ್ದಿಬಿಡಬೇಡಿ

ಇದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಹಂತ. ಇಂಗ್ಲಿಷ್ ಚೆನ್ನಾಗಿ ಬಲ್ಲ, ತೋಟ ಗೊತ್ತಿಲ್ಲದ ಯಾರೋ ಒಬ್ಬರು ಬೆಳೆಗಾರರ ಬರಹ ತಿದ್ದಲು ಕೂತರೆ ಸರಿ ಇದ್ದದ್ದನ್ನೇ ಹಾಳು ಮಾಡುತ್ತಾರೆ.

"ಫ್ಲೈ ಪಿಕಿಂಗ್" ತೆಗೆದುಕೊಳ್ಳಿ. ಹೊರಗಿನವರಿಗೆ ನೊಣ ಹಿಡಿಯೋದು ಅನ್ನಿಸಬಹುದು. ಕಾಫಿಯವರಿಗೆ ಗೊತ್ತು, ಮುಖ್ಯ ಕೊಯ್ಲಿಗೆ ಮುಂಚೆ ಅಲ್ಲಲ್ಲಿ ಹಣ್ಣಾದ್ದನ್ನು ಮಾತ್ರ ಆರಿಸಿ ಕೊಯ್ಯೋದು. ಕಾಫಿ ಮಂಡಳಿಯ ಬರಹಗಳಲ್ಲೇ ಇರುವ ಮಾತು. "ಬ್ಲಾಸಮ್ ಷವರ್" ಅಂದರೆ ಕಾಫಿ ಹೂ ಅರಳಿಸುವ ನಮ್ಮ ಹೂಮಳೆ, ಅದರ ಹಿಂದೆ ಬರೋದು "ಬ್ಯಾಕಿಂಗ್ ಷವರ್". ಸಾಮಾನ್ಯ ಡಿಕ್ಷನರಿಯಲ್ಲಿ, ಸಾಮಾನ್ಯ ಕಾರ್ಪಸ್‌ನಲ್ಲಿ ಇವು ಸಿಗೋದು ಕಷ್ಟ. ಅಂಥ ಜೋಡಿಯನ್ನು ಪರೀಕ್ಷಿಸಬೇಕಾದ್ದು ಕಸುಬಿನ ಬರಹದಲ್ಲೇ. ಗೂಗಲ್‌ನಲ್ಲಿ ಜೋಡಿಯನ್ನು ಕೋಟ್ ಒಳಗೆ ಹಾಕಿ, ಹೊರಗೆ ಕಾಫಿ ಅಂತ ಸೇರಿಸಿ ಹುಡುಕಿ. ಕಾಫಿ ಮಂಡಳಿ, ಸಂಶೋಧನಾ ಪ್ರಬಂಧ, ವ್ಯಾಪಾರದ ವರದಿ ಇಂಥ ಕಡೆ ಬಂದಿದ್ದರೆ ಅದು ಸರಿ. ಚಾಟ್‌ಬಾಟ್ ಬೇಡ ಅಂದರೂ ಸರಿ.

ಆದರೆ ಕಸುಬಿನ ಮಾತೂ ಗಡಿ ದಾಟಿದರೆ ಬದಲಾಗುತ್ತದೆ. ಬೆಲೆ ಪಟ್ಟಿಯಲ್ಲಿ ದಿನಾ ಓದುವ "ಅರೇಬಿಕಾ ಚೆರಿ", "ರೋಬಸ್ಟಾ ಚೆರಿ" ಇದೆಯಲ್ಲ, ಅಲ್ಲಿ ಚೆರಿ ಅಂದರೆ ಹಣ್ಣನ್ನು ಸಿಪ್ಪೆ ಸಮೇತ ಒಣಗಿಸಿ ಮಾಡಿದ ಕಾಫಿ. ಹೊರದೇಶದ ಕಾಫಿಯವರಿಗೆ "ಕಾಫಿ ಚೆರಿ" ಅಂದರೆ ಗಿಡದಿಂದ ಆಗಷ್ಟೇ ಕಿತ್ತ ಹಸಿ ಹಣ್ಣು. ನಮ್ಮ ಚೆರಿಗೆ ಅವರು "ನ್ಯಾಚುರಲ್" ಅಥವಾ "ಅನ್‌ವಾಶ್ಡ್" ಅನ್ನುತ್ತಾರೆ, ಸಿಪ್ಪೆ ತೆಗೆದು, ತೊಳೆದು ಒಣಗಿಸಿ ಪಾರ್ಚ್‌ಮೆಂಟ್ ಮಾಡಿ ತಂದದ್ದಕ್ಕೆ "ವಾಶ್ಡ್". ಇಟಲಿಯ ಖರೀದಿದಾರರಿಗೆ "ಚೆರಿ ಕಾಫಿ ಕಳಿಸುತ್ತೇವೆ" ಅಂತ ಬರೆದರೆ ಅವರು ಏನು ತಿಳಿದುಕೊಂಡಾರು? "ರೋಬಸ್ಟಾ ಚೆರಿ" ಅಂತ ಬರೆದು, ಪಕ್ಕದಲ್ಲೇ "ನ್ಯಾಚುರಲ್, ಡ್ರೈ ಪ್ರಾಸೆಸ್ಡ್" ಅಂತ ಒಂದು ಸಲ ಹೇಳಿಬಿಡಿ.

"ಬೋಲ್ಡ್ ಬೀನ್ಸ್" ಇನ್ನೊಂದು. ಗ್ರೇಡಿಂಗ್ ಮಾಡುವವರಿಗೆ ಬೋಲ್ಡ್ ಅಂದರೆ ಬೀಜದ ಗಾತ್ರ ದೊಡ್ಡದು. "ಮೈಸೂರ್ ನಗೆಟ್ಸ್ ಎಕ್ಸ್‌ಟ್ರಾ ಬೋಲ್ಡ್" ಅನ್ನುವ ಹೆಸರಿನಲ್ಲಿ ಇರೋದು ಅದೇ ಅರ್ಥ. ಪ್ಯಾಕೆಟ್ ಕೊಳ್ಳುವ ಗಿರಾಕಿ ಬೋಲ್ಡ್ ಅಂದರೆ ರುಚಿ ಗಟ್ಟಿ, ಸ್ಟ್ರಾಂಗ್ ಅಂತ ಓದಿಕೊಳ್ಳುತ್ತಾರೆ. ಖರೀದಿದಾರರ ಮೇಲ್‌ಗೆ ಸರಿಯಾದ ಜೋಡಿ, ಪ್ಯಾಕೆಟ್ ಮೇಲೆ ಹಾಕಿದರೆ ಬೇರೆಯೇ ಭರವಸೆ ಕೊಟ್ಟಂತೆ ಆಗುತ್ತದೆ.

ಕೆಲವು ಜೋಡಿಗಳನ್ನು ಮುಟ್ಟಲೇಬಾರದು. "ಕೂರ್ಗ್ ಅರೇಬಿಕಾ ಕಾಫಿ" 2019ರಲ್ಲಿ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಪಡೆದ ಹೆಸರು. ಊರನ್ನು ಕೊಡಗು ಅಂತ ಬರೆಯೋದೇ ನನಗೂ ಇಷ್ಟ, ಆದರೆ ಜಿಐ ಹೆಸರು ಹೇಳುವಾಗ ನೋಂದಣಿಯಲ್ಲಿ ಹೇಗಿದೆಯೋ ಹಾಗೆಯೇ ಇರಬೇಕು. ಅದು ಹೆಸರು, ವರ್ಣನೆ ಅಲ್ಲ.

ಎಂಟನೇ ಹಂತ: ಬೇಕೆಂದೇ ಹೊಸದು ಬರೆದಿದ್ದರೆ

ಎಲ್ಲಾ ಕಡೆ ಹುಡುಕಿದಿರಿ, ಜೋಡಿ ಎಲ್ಲೂ ಇಲ್ಲ. ಆಗ ಒಂದು ಪ್ರಶ್ನೆ: ಇದು ಗೊತ್ತಿಲ್ಲದೆ ಬಂದದ್ದಾ, ಬೇಕಂತ ಬರೆದದ್ದಾ?

ಭಾಗಮಂಡಲದ ಮಳೆಯ ಬಗ್ಗೆ ಪ್ರವಾಸ ಲೇಖನ ಬರೆಯುವವರು "ಎ ಪೇಶಂಟ್ ರೇನ್" ಅಂತ ಬರೆಯಬಹುದು. ತಾಳ್ಮೆಯ ಮಳೆ. ರೂಢಿಯ ಜೋಡಿ ಅಲ್ಲ, ಆದರೆ ಓದುವವರಿಗೆ ಚಿತ್ರ ಸಿಗುತ್ತದೆ: ಅವಸರ ಇಲ್ಲದೆ, ನಿಲ್ಲದೆ, ದಿನವಿಡೀ ಸುರಿಯುವ ಮಳೆ. ಇಂಥದ್ದನ್ನು ಕಾರ್ಪಸ್‌ನಲ್ಲಿ ಇಲ್ಲ ಅಂತ ತೆಗೆದುಹಾಕಬಾರದು, ಒಳ್ಳೆಯ ಬರಹ ಬದುಕೋದೇ ಇಂಥದ್ದರಿಂದ. ನೋಡಬೇಕಾದ್ದು ಇಷ್ಟು. ಸುತ್ತಲಿನ ಸಾಲುಗಳು ಸರಾಗವಾಗಿ, ರೂಢಿಯಂತೆ ಇವೆಯಾ? ಇದ್ದರೆ ಆ ಒಂದು ಜೋಡಿ ಎದ್ದು ಕಾಣುತ್ತದೆ, ಬೇಕಂತಲೇ ಬರೆದದ್ದು ಅಂತ ಓದುಗರಿಗೆ ಗೊತ್ತಾಗುತ್ತದೆ. ಪ್ರತಿ ಸಾಲಿನಲ್ಲೂ ವಿಚಿತ್ರ ಜೋಡಿ ಇದ್ದರೆ ಎಲ್ಲವೂ ತಪ್ಪಿನ ಹಾಗೆ ಕಾಣುತ್ತವೆ, ಒಳ್ಳೆಯದೂ ಅದರಲ್ಲಿ ಮುಳುಗುತ್ತದೆ. ಮಳೆಗೆ ರಸ್ತೆ ಕುಸಿದು ಶಾಲೆಗೆ ರಜೆ ಕೇಳುವ ಪತ್ರದಲ್ಲಿ ಮಾತ್ರ ತಾಳ್ಮೆಯ ಮಳೆ ಬೇಡ, ಅಲ್ಲಿ "ಹೆವಿ ರೇನ್".

ಗೊತ್ತಿಲ್ಲದೆ ಬಂದದ್ದಾದರೆ ಜೋಡಿಯನ್ನು ಉಳಿಸಿಕೊಳ್ಳಲು ಹೋರಾಡಬೇಡಿ. ವಾಕ್ಯವನ್ನೇ ಬದಲಿಸಿ. ನಾಮಪದದ ಜೋಡಿ ಬಿಟ್ಟು ಕ್ರಿಯಾಪದಕ್ಕೆ ಹೋದರೆ ಎಷ್ಟೋ ಸಲ ಗಂಟು ತಾನೇ ಬಿಚ್ಚಿಕೊಳ್ಳುತ್ತದೆ. ಯಾವ ಮಳೆ ಅಂತ ವಿಶೇಷಣ ಹುಡುಕುವ ಬದಲು "ಇಟ್ ರೇನ್ಸ್ ಆಲ್ ಡೇ" ಅಂದರೆ ಮುಗಿಯಿತು, ಅಲ್ವಾ?

ಚಾಟ್‌ಬಾಟ್ ಮತ್ತು ಗೊತ್ತಿರುವವರನ್ನು ಕೇಳುವುದು

ಈಗ ಎಲ್ಲರೂ ಮೊದಲು ಓಡೋದು ಚಾಟ್‌ಬಾಟ್ ಹತ್ತಿರ. ಕೇಳಿ, ಬೇಡ ಅನ್ನೋದಿಲ್ಲ. ಕೇಳುವ ರೀತಿ ಮುಖ್ಯ. "ಇದು ಸರಿ ಅಲ್ವಾ?" ಅಂತ ಕೇಳಿದರೆ ಹೌದು ಅನ್ನುವ ಕಡೆಗೇ ಅದು ವಾಲುತ್ತದೆ. ನಿಮ್ಮದು ಯಾವುದು ಅಂತ ಹೇಳದೆ ಎರಡು ಮೂರು ರೂಪ ಕೊಟ್ಟು, ಬ್ರಿಟಿಷ್ ಪತ್ರಿಕೆಯಲ್ಲಿ ಯಾವುದು ಬರುತ್ತದೆ, ಅಮೆರಿಕದಲ್ಲಿ ಯಾವುದು, ಯಾವುದು ಭಾರತದಲ್ಲಿ ಮಾತ್ರ ಅಂತ ಕೇಳಿ. ಅದು ಕೊಡುವ ಉದಾಹರಣೆ ವಾಕ್ಯ, ಅಂಕಿಸಂಖ್ಯೆಗಳನ್ನು ಸಾಕ್ಷಿ ಅಂತ ಹಿಡಿಯಬೇಡಿ, ತಾನೇ ಕಟ್ಟಿದ್ದೂ ಇರಬಹುದು. ಅದು ಸೂಚಿಸಿದ ಜೋಡಿಯನ್ನು ಸ್ಕೆಲ್‌ನಲ್ಲೋ ಕೋಕಾದಲ್ಲೋ ಹಾಕಿ ನೀವೇ ಒಮ್ಮೆ ನೋಡಿ.

ಕೆನಡಾದಲ್ಲೋ ಇಂಗ್ಲೆಂಡಿನಲ್ಲೋ ಇರುವ ನೆಂಟರು, ಮನೆಗೆ ಬಂದು ಹೋದ ಅತಿಥಿಗಳು ಇದ್ದರೆ ಇನ್ನೂ ಒಳ್ಳೆಯದು. ಜೋಡಿಯನ್ನು ಮಾತ್ರ ಕಳಿಸಬೇಡಿ, ಇಡೀ ವಾಕ್ಯ ಕಳಿಸಿ. ಯಾರು ಓದುತ್ತಾರೆ ಅಂತಲೂ ಹೇಳಿ. "ತಪ್ಪಿದೆಯಾ?" ಅಂತ ಕೇಳಿದರೆ ಬೇಜಾರಾದೀತು ಅಂತ ಇಲ್ಲ ಅಂದುಬಿಡುತ್ತಾರೆ. "ನೀವಾಗಿದ್ದರೆ ಈ ಸಾಲನ್ನು ಹೇಗೆ ಬರೆಯುತ್ತಿದ್ರಿ?" ಅಂತ ಕೇಳಿ. ಅವರು ಬರೆದು ಕಳಿಸಿದ ಸಾಲಿನಲ್ಲಿ ನಿಮ್ಮ ಜೋಡಿ ಹಾಗೇ ಉಳಿದಿದೆಯಾ ಅಂತ ನೋಡಿ. ಇಬ್ಬರನ್ನು ಕೇಳಿ ಇಬ್ಬರೂ ಅದನ್ನು ಸದ್ದಿಲ್ಲದೆ ಬದಲಿಸಿದ್ದರೆ, ಅವರು ಬರೆದದ್ದನ್ನೇ ಹಾಕಿಕೊಳ್ಳಿ.